ಪ್ರಾಣೇಶಾಚಾರ್ಯರ ಮೇಲೆ ತೀರ್ಪು ಕೇಳಬೇಡಿ: ಕನ್ನಡ ಪ್ರಶ್ನೆಪತ್ರಿಕೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಪದವಿ ತರಗತಿಗೆ ಕನ್ನಡ ಪಠ್ಯ ಆರಿಸುವ ಅಧ್ಯಯನ ಮಂಡಳಿಯವರಿಗೆ, ಪ್ರಶ್ನೆಪತ್ರಿಕೆ ಬರೆಯುವ, ಉತ್ತರಪತ್ರಿಕೆ ತಿದ್ದುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ.

ನಾನು ಸಾಹಿತ್ಯ ಪಾಠ ಮಾಡುವವಳಲ್ಲ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕಾದಂಬರಿ ಓದುವುದು ಮದುವೆಗೆ ಮುಂಚಿನಿಂದ ಬಂದ ಅಭ್ಯಾಸ. ನನ್ನ ಮಗಳು ಬಿ.ಎ. ಓದುತ್ತಿದ್ದಾಳೆ. ಅವಳಿಗೆ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪಠ್ಯ. ಆ ಪುಸ್ತಕವನ್ನು ಇಂದಿಗೂ ಮಕ್ಕಳ ಕೈಗೆ ಕೊಡುತ್ತಿದ್ದೀರಲ್ಲ, ಅದಕ್ಕೆ ಮೊದಲು ನಿಮಗೆ ಮನಸಾರೆ ಧನ್ಯವಾದ. ನನ್ನ ತಕರಾರು ಪುಸ್ತಕದ ಬಗ್ಗೆ ಅಲ್ಲ. ಅದನ್ನು ಓದಿದ ಮಕ್ಕಳನ್ನು ನೀವು ಕೇಳುವ ಪ್ರಶ್ನೆಗಳ ಬಗ್ಗೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಗಳು ತಂದಿದ್ದಳು. ‘ಪ್ರಾಣೇಶಾಚಾರ್ಯರ ಪಾತ್ರ ಚಿತ್ರಣ ಮಾಡಿ.’ ‘ಪ್ರಾಣೇಶಾಚಾರ್ಯ ಮತ್ತು ನಾರಣಪ್ಪ, ಇಬ್ಬರಲ್ಲಿ ನಿಜವಾದ ಬ್ರಾಹ್ಮಣ ಯಾರು? ಚರ್ಚಿಸಿ.’ ಇಂಥವೇ ಜಾಸ್ತಿ. ಇವಕ್ಕೆ ಗೈಡಿನಲ್ಲಿ ಉತ್ತರ ಸಿದ್ಧವಾಗಿ ಕೂತಿದೆ. ಆಚಾರ್ಯರು ಸಂಪ್ರದಾಯದ ಸಂಕೇತ. ನಾರಣಪ್ಪ ಬಂಡಾಯದ ಸಂಕೇತ. ಚಂದ್ರಿ ಪ್ರಕೃತಿಯ ಸಂಕೇತ. ಆಚಾರ್ಯರು ಜಾರಿದರು, ನಾರಣಪ್ಪ ಗೆದ್ದ. ಮಕ್ಕಳು ಇದನ್ನೇ ಬಾಯಿಪಾಠ ಮಾಡುತ್ತಾರೆ. ಕಾದಂಬರಿ ತೆರೆಯದಿದ್ದರೂ ಅಂಕ ಬರುತ್ತದೆ. ನನ್ನ ಮಗಳ ತರಗತಿಯಲ್ಲಿ ಹಾಗೆ ಪಾಸಾದವರು ಇದ್ದಾರೆ, ಅವಳೇ ಹೇಳಿದ್ದು.

ಕಥೆ ನಿಮಗೆ ಗೊತ್ತು. ಬೇರೆಯವರೂ ಈ ಪತ್ರ ಓದಬಹುದು ಅಂತ ಎರಡು ಮಾತು ಹೇಳುತ್ತೇನೆ. ತುಂಗಾ ನದಿ ದಂಡೆಯ ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಹುಟ್ಟಿನಿಂದ ಮಾಧ್ವ ಬ್ರಾಹ್ಮಣ. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮುಸಲ್ಮಾನ ಗೆಳೆಯರ ಜೊತೆ ಸೇರಿ ದೇವಸ್ಥಾನದ ಕೊಳದ ಮೀನು ಹಿಡಿದವನು, ಕುಂದಾಪುರದ ಚಂದ್ರಿಯನ್ನು ಮನೆಗೆ ಕರೆತಂದು ಇಟ್ಟುಕೊಂಡವನು. ಹೆಣ ಯಾರು ಸುಡಬೇಕು? ಅದು ತೀರ್ಮಾನ ಆಗುವವರೆಗೆ ಅಗ್ರಹಾರದವರು ಊಟ ಮಾಡುವ ಹಾಗಿಲ್ಲ. ಎಲ್ಲರೂ ವೇದಾಂತ ಶಿರೋಮಣಿ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಆಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ಕಾಡಿನ ಮಾರುತಿ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ. ದೇವರು ಎಡಕ್ಕೂ ಬಲಕ್ಕೂ ಹೂ ಕೊಡುವುದಿಲ್ಲ. ಆ ರಾತ್ರಿ ಅಲ್ಲೇ ಕಾಡಿನಲ್ಲಿ ಅವರು ಚಂದ್ರಿಯನ್ನು ಕೂಡುತ್ತಾರೆ.

ಈಗ ನನ್ನ ಮಾತಿಗೆ ಬರುತ್ತೇನೆ. ಗೈಡಿನಲ್ಲಿ ಒಂದು ಸಾಲೂ ಸಿಗದ ಹೆಂಗಸು ಭಾಗೀರಥಿ. ಆಚಾರ್ಯರ ಹೆಂಡತಿ. ಹಾಸಿಗೆ ಹಿಡಿದ ರೋಗಿ. ಕಾದಂಬರಿ ಶುರುವಾಗುವುದೇ ಅವಳ ಸ್ನಾನದಿಂದ. ಒಣಗಿಹೋದ ಆ ಮೈಗೆ ಆಚಾರ್ಯರು ನೀರು ಹಾಕುತ್ತಾರೆ, ಬಟ್ಟೆ ಸುತ್ತುತ್ತಾರೆ, ದೇವರ ಪೂಜೆ ಮುಗಿಸಿ ಬಂದು ಪ್ರಸಾದದ ಹೂ ಮುಡಿಸುತ್ತಾರೆ, ರವೆ ಗಂಜಿ ಕೊಡುತ್ತಾರೆ. ವರ್ಷಗಟ್ಟಲೆ ಪ್ರತಿದಿನ ಇದೇ. ರೋಗಿ ಅಂತ ಗೊತ್ತಿದ್ದೇ ಮದುವೆ ಆದವರು ಅವರು. ಈ ಸೇವೆಯಿಂದ ತಾನು ಹಣ್ಣಾಗುತ್ತೇನೆ, ಮೋಕ್ಷಕ್ಕೆ ಹತ್ತಿರ ಆಗುತ್ತೇನೆ ಎಂಬ ನಂಬಿಕೆ ಅವರದು. ಅವಳೋ, ನನ್ನನ್ನು ಕಟ್ಟಿಕೊಂಡು ನಿಮಗೇನು ಸುಖ, ಇನ್ನೊಂದು ಮದುವೆ ಮಾಡಿಕೊಳ್ಳಿ ಅನ್ನುತ್ತಾಳೆ. ಅವರು ನಕ್ಕು ಸುಮ್ಮನಾಗುತ್ತಾರೆ.

ಕಾಲೇಜಿನಲ್ಲಿದ್ದಾಗ ಈ ಪುಟಗಳನ್ನು ನಾನು ಬೇಗ ದಾಟಿ ಹೋಗಿದ್ದೆ. ಆಗ ನನಗೆ ಬೇಕಿದ್ದದ್ದು ನಾರಣಪ್ಪ. ಮುಂದೆ ನನ್ನ ಅತ್ತೆಗೆ ಲಕ್ವ ಹೊಡೆಯಿತು. ಕೊನೆಯವರೆಗೂ ಅವರು ಮೇಲೆ ಏಳಲಿಲ್ಲ. ಅವರನ್ನು ಮಗ್ಗುಲು ಮಾಡಿಸುವುದು, ಬೆನ್ನು ಒರೆಸುವುದು, ಹುಣ್ಣಿಗೆ ಪುಡಿ ಹಾಕುವುದು, ಚಮಚದಲ್ಲಿ ಗಂಜಿ ಕುಡಿಸುವುದು ನನ್ನ ಪಾಲಿಗೆ ಬಂತು. ಕೆಲವು ದಿನ ಪ್ರೀತಿಯಿಂದ ಮಾಡಿದೆ. ಕೆಲವು ದಿನ, ಸೊಸೆ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂತ ಓಣಿಯವರು ಹೇಳುವುದು ಕಿವಿಗೆ ಹಿತವಾಗಿತ್ತು, ಅದಕ್ಕಾಗಿ ಮಾಡಿದೆ. ಕೆಲವು ದಿನ ಏನೂ ಅನ್ನಿಸದೆ ಸುಮ್ನೆ ಮಾಡಿದೆ. ಅತ್ತೆಗೆ ಈ ಮೂರೂ ಬಗೆಯ ದಿನ ಗಂಜಿ ಸಿಕ್ಕಿತು. ಹಾಗಾಗಿ, ಆಚಾರ್ಯರ ಸೇವೆ ನಿಜವೋ ಸ್ವಾರ್ಥವೋ ಅಂತ ಯಾರಾದರೂ ಕೇಳಿದರೆ ನನಗೆ ಒಂದು ಪದದ ಉತ್ತರ ಬರುವುದಿಲ್ಲ. ಸೇವೆ ನಿಜ. ಅದರಲ್ಲಿ ತನ್ನ ಲಾಭದ ಆಸೆ ಇದ್ದದ್ದೂ ನಿಜ.

ಆ ಸ್ನಾನ ಕಾದಂಬರಿಯಲ್ಲಿ ಇನ್ನೊಮ್ಮೆ ಬರುತ್ತದೆ. ಚಂದ್ರಿಯನ್ನು ಕೂಡಿದ ಮೇಲೆ. ಆಚಾರ್ಯರು ಮನೆಗೆ ಬಂದು ಎಂದಿನಂತೆ ಹೆಂಡತಿಗೆ ಸ್ನಾನ ಮಾಡಿಸುತ್ತಾರೆ. ಅದೇ ಮೈ, ಅದೇ ನೀರು. ಆದರೆ ಅಂದು ಮೊದಲ ಸಲ ಅವರ ಕಣ್ಣಿಗೆ ಆ ಮೈ ಕಾಣುತ್ತದೆ. ಬತ್ತಿದ ಎದೆ ಕಾಣುತ್ತದೆ. ಅಸಹ್ಯ ಆಗುತ್ತದೆ. ಚಂದ, ಕುರೂಪ ಅನ್ನುವ ಭೇದ ಅಷ್ಟು ವರ್ಷ ಅವರನ್ನು ಮುಟ್ಟಿರಲೇ ಇಲ್ಲ.

ಸಾರ್, ಮೇಡಂ, ಈ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಅಂದರೆ, ಇಷ್ಟು ವರ್ಷ ಅವರು ಭಾಗೀರಥಿಯನ್ನು ನೋಡಿಯೇ ಇರಲಿಲ್ಲ, ಅಲ್ವಾ? ಅವಳು ಅವರಿಗೆ ಒಂದು ವ್ರತ ಆಗಿದ್ದಳು. ಹೆಂಗಸಾಗಿ ಕಂಡ ಮೊದಲ ದಿನವೇ ಹೇಸಿಗೆ ಆಯಿತು. ನೋಡದೆ ತೋರಿದ ಕರುಣೆ ಒಂದು ಕಡೆ. ನೋಡಿ ಪಟ್ಟ ಹೇಸಿಗೆ ಇನ್ನೊಂದು ಕಡೆ. ಭಾಗೀರಥಿಗೆ ಇವೆರಡರಲ್ಲಿ ಯಾವುದು ಕಡಿಮೆ ಕ್ರೂರ? ನಾನು ಅದನ್ನು ಯೋಚಿಸಿ ಯೋಚಿಸಿ ಸೋತೆ. ಅತ್ತೆಯ ಬೆನ್ನು ಒರೆಸುವಾಗ ಕೆಲವೊಮ್ಮೆ ಮುಖ ತಿರುಗಿಸಿದ್ದು ನೆನಪಾಯಿತು. ‘ಜಾರಿದ ಆಚಾರ್ಯ’ ಅಂತ ಗೈಡಿನವರು ಬರೆದಾಗ ಈ ಸ್ನಾನದ ಕೋಣೆ ಅವರಿಗೆ ಕಾಣಿಸಿತ್ತಾ?

ನಾರಣಪ್ಪನ ವಿಷಯಕ್ಕೆ ಬಂದರೆ, ನಮ್ಮ ಪಾಠದ ಕೋಣೆಗಳಲ್ಲಿ ಅವನು ಈಗ ಗೆದ್ದ ಎತ್ತು. ಬಂಡಾಯಗಾರ, ಪ್ರಾಮಾಣಿಕ, ಬದುಕನ್ನು ಪ್ರೀತಿಸಿದವನು. ಹೌದು, ಅದಕ್ಕೆ ಆಧಾರ ಕಾದಂಬರಿಯಲ್ಲೇ ಇದೆ. ಅವನ ಅಂಗಳದಲ್ಲಿ ರಾತ್ರಿರಾಣಿ ಅರಳುತ್ತದೆ. ಪಕ್ಕದ ಊರು ಪಾರಿಜಾತಪುರದ ಹುಡುಗರ ನಾಟಕ, ಸಂಗೀತಕ್ಕೆ ಅವನ ಬೆಂಬಲ. ಮೀನು ವ್ಯಾಪಾರದ ಅಹ್ಮದ್ ಬ್ಯಾರಿ ಕಷ್ಟದಲ್ಲಿದ್ದಾಗ ಎತ್ತು ಕೊಳ್ಳಲು ಸಾಲ ಕೊಟ್ಟವನು ಅವನೇ. ಆಚಾರ್ಯರ ಮುಖಕ್ಕೇ ನಿಮ್ಮ ಶಾಸ್ತ್ರ ಸತ್ತಿದೆ ಅನ್ನುವ ಎದೆಗಾರಿಕೆ ಅವನಿಗಿತ್ತು.

ಆದರೆ ಅವನಿಗೊಬ್ಬಳು ಕೈ ಹಿಡಿದ ಹೆಂಡತಿ ಇದ್ದಳು. ಅದೇ ಅಗ್ರಹಾರದ ಲಕ್ಷ್ಮಣಾಚಾರ್ಯರ ಹೆಂಡತಿ ಅನಸೂಯಳ ತಂಗಿ. ಅವಳನ್ನು ಬಿಟ್ಟ. ಅವಳು ಸತ್ತಳು. ಬೇರೆಯವರು ಬೇರೆ ಮಾತಿನ ನಡುವೆ ಅವಳ ಸುದ್ದಿ ಎತ್ತುತ್ತಾರೆ ಅಷ್ಟೆ. ಅವಳ ಬಾಯಿಂದ ಒಂದು ಮಾತು ನಮಗೆ ಕೇಳಿಸುವುದಿಲ್ಲ. ನಾರಣಪ್ಪನ ಧೈರ್ಯದ ಬಿಲ್ ಕಟ್ಟಿದವಳು ಅವಳು. ನಾನು ಅವನನ್ನು ಮೆಚ್ಚುತ್ತೇನೆ, ಅದೇ ಹೊತ್ತಿಗೆ ಅವನ ಮೇಲೆ ಸಿಟ್ಟೂ ಬರುತ್ತದೆ. ಎರಡೂ ಒಟ್ಟಿಗೆ ಇರುತ್ತವೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಇದನ್ನು ಹೀಗೇ ಬರೆದ ಹುಡುಗಿಗೆ ‘ಗೊಂದಲವಿದೆ’ ಅಂತ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಡಿ. ಅದು ಗೊಂದಲ ಅಲ್ಲ.

ಅಗ್ರಹಾರದ ಉಳಿದ ಬ್ರಾಹ್ಮಣರನ್ನು ಗೈಡುಗಳು ‘ಹೊಟ್ಟೆಬಾಕರು, ಲೋಭಿಗಳು’ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಚಂದ್ರಿ ಮೈಮೇಲಿನ ಒಡವೆ ತೆಗೆದು, ಖರ್ಚಿಗೆ ಇರಲಿ ಅಂತ ಆಚಾರ್ಯರ ಮುಂದೆ ಇಟ್ಟ ಕೂಡಲೇ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ಬೇಡವಾಗಿದ್ದ ಹೆಣ ಬೇಕಾಗುತ್ತದೆ. ಓದುವಾಗ ಮೈ ಉರಿಯುತ್ತದೆ. ಆದರೆ ಅದೇ ಗುಂಪಿನಲ್ಲಿ ದಾಸಾಚಾರ್ಯರಿದ್ದಾರೆ. ತಿಥಿ, ಶ್ರಾದ್ಧದ ಊಟವನ್ನೇ ನೆಚ್ಚಿಕೊಂಡ ಬಡವರು. ಹಸಿವು ತಡೆಯಲಾರದೆ, ಮಾಧ್ವರು ಉಣ್ಣಬಾರದ ಪಾರಿಜಾತಪುರದ ಸ್ಮಾರ್ತ ಬ್ರಾಹ್ಮಣರ ಮನೆಗೆ ಹೋಗಿ ಯಾರಿಗೂ ತಿಳಿಯದ ಹಾಗೆ ತಿಂದು ಬರುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹೊಟ್ಟೆ ಹಸಿದಿತ್ತು, ಪಾಪ.

ಇನ್ನು ಚಂದ್ರಿ. ಇವಳ ಬಗ್ಗೆ ನನಗೂ ಮಗಳಿಗೂ ಜಗಳವೇ ಆಗಿದೆ.

ಕಾಡಿನಲ್ಲಿ ಆ ರಾತ್ರಿ ಆಚಾರ್ಯರು ಎಚ್ಚೆತ್ತು ಚಂದ್ರಿಗೆ ಹೇಳುವ ಮಾತನ್ನು ನೆನಪು ಮಾಡಿಕೊಳ್ಳಿ. ನಾಳೆ ಬೆಳಿಗ್ಗೆ ಬ್ರಾಹ್ಮಣರು ಸೇರುತ್ತಾರೆ, ನಡೆದದ್ದನ್ನು ನೀನೇ ಹೇಳಿಬಿಡು ಅನ್ನುತ್ತಾರೆ. ತನಗೆ ಇನ್ನು ಅವರಿಗೆ ದಾರಿ ತೋರುವ ಅಧಿಕಾರ ಇಲ್ಲ ಅನ್ನುತ್ತಾರೆ. ದೊಡ್ಡ ಮಾತು, ಪ್ರಾಮಾಣಿಕ ಮಾತು. ಆದರೆ ಹೇಳುವ ಕೆಲಸ ಯಾರ ತಲೆಗೆ ಬಂತು ನೋಡಿ. ಚಂದ್ರಿಯ ತಲೆಗೆ. ಬೆಳಿಗ್ಗೆ ಬ್ರಾಹ್ಮಣರು ಬಂದು ಸೇರಿದಾಗ ಚಂದ್ರಿ ಅಲ್ಲಿಲ್ಲ. ಮಾರುತಿಯಿಂದ ಉತ್ತರ ಸಿಗಲಿಲ್ಲ, ನನಗೇನೂ ತೋಚುತ್ತಿಲ್ಲ, ನಿಮಗೆ ಸರಿ ಕಂಡದ್ದು ಮಾಡಿ ಅನ್ನುತ್ತಾರೆ ಆಚಾರ್ಯರು. ಚಂದ್ರಿಯ ವಿಷಯ ಬಾಯಿಗೆ ಬರುವುದಿಲ್ಲ.

ಅಷ್ಟರಲ್ಲಿ ಅವಳು ಏನು ಮಾಡಿದ್ದಳು? ರಾತ್ರಿ ಒಬ್ಬಳೇ ಮನೆಗೆ ಹೋಗಿ ಹೆಣ ನೋಡಿದಳು. ಊದಿತ್ತು, ನಾರುತ್ತಿತ್ತು. ಅದು ಅವಳಿಗೆ ನಾರಣಪ್ಪನಾಗಿ ಕಾಣಲಿಲ್ಲ, ಬ್ರಾಹ್ಮಣನಾಗಿಯೂ ಕಾಣಲಿಲ್ಲ. ಗಾಡಿ ಶೇಷಪ್ಪನ ಹತ್ತಿರ ಹೋದಳು. ಬ್ರಾಹ್ಮಣರ ಹೆಣ ಮುಟ್ಟಲಾರೆ ಅಂತ ಅವನು ಹೆದರಿದ. ಅಹ್ಮದ್ ಬ್ಯಾರಿ ಹತ್ತಿರ ಓಡಿದಳು. ಅವನು ಗಾಡಿ ಕಟ್ಟಿ, ಸೌದೆ ಹೇರಿಕೊಂಡು ಬಂದ. ಊರು ಏಳುವ ಮೊದಲೇ ಹೆಣ ಬೂದಿಯಾಯಿತು. ಅವಳು ಕುಂದಾಪುರದ ದಾರಿ ಹಿಡಿದಳು. ಆಚಾರ್ಯರಿಗೆ ಒಂದು ಮಾತೂ ಹೇಳಲಿಲ್ಲ.

ಇದರ ಪರಿಣಾಮ ಗಮನಿಸಿ. ಅಲ್ಲಿಂದ ಮುಂದೆ ಬ್ರಾಹ್ಮಣರು ಕೈಮರ ಎಂಬ ಊರಿಗೆ, ಮಠಕ್ಕೆ ಅಂತ ಅಲೆಯುವುದೆಲ್ಲ ಇಲ್ಲದ ಹೆಣಕ್ಕಾಗಿ. ಪಾರಿಜಾತಪುರದ ಹುಡುಗರು ಗೆಳೆಯನ ಋಣ ತೀರಿಸಲು ರಾತ್ರಿ ನಾರಣಪ್ಪನ ಮನೆಗೆ ನುಗ್ಗಿ, ಹೆಣ ಕಾಣದೆ ಹೆದರಿ ಓಡುತ್ತಾರೆ. ಆಚಾರ್ಯರು ಭಾಗೀರಥಿಯನ್ನೂ ಕಳೆದುಕೊಂಡು ಕಾಲು ಎಳೆದ ಕಡೆ ನಡೆಯುವಾಗಲೂ, ನಾರಣಪ್ಪನ ಹೆಣ ಅಲ್ಲೇ ಕೊಳೆಯುತ್ತಿದೆ ಅಂತಲೇ ನಂಬಿದ್ದಾರೆ.

ಅವಳು ಹೇಳಬೇಕಿತ್ತು ಅಂತ ನನ್ನ ಮನಸ್ಸು ಹೇಳುತ್ತದೆ. ಒಂದು ಮಾತು ಹೇಳಿದ್ದರೆ ಆ ಮನುಷ್ಯನ ಅರ್ಧ ಭಾರ ಇಳಿಯುತ್ತಿತ್ತು. ಮಗಳು ಒಪ್ಪುವುದಿಲ್ಲ. “ಅಮ್ಮಾ, ಅವಳನ್ನು ಯಾರು ಏನು ಕೇಳಿದ್ರು? ಒಡವೆ ಕೊಟ್ಟಾಗ ಅದನ್ನ ನೋಡಿದ್ರು, ಅವಳನ್ನ ನೋಡಲಿಲ್ಲ. ತಪ್ಪು ಇಬ್ಬರದ್ದೂ, ಹೇಳುವ ಕೆಲಸ ಮಾತ್ರ ಅವಳದ್ದಾ? ಮಾಡಬೇಕಾದ್ದು ಮಾಡಿ ಹೋದಳು” ಅನ್ನುತ್ತಾಳೆ. ಅವಳ ಮಾತಿನಲ್ಲಿ ಬಲ ಇದೆ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ. ಕುಕ್ಕರ್ ಕೂಗಿ ಅನ್ನ ಆರುವವರೆಗೆ ನಾವು ಮಾತಾಡಿದೆವು. ಆ ಮಾತಿನಲ್ಲಿ ಅವಳು ಪುಟ ತಿರುವಿ, ಸಾಲು ಹುಡುಕಿ ನನಗೆ ತೋರಿಸಿದಳು. ಗೈಡ್ ಹಿಡಿದು ಕೂತಾಗ ಅವಳು ಅಷ್ಟು ಪುಟ ತಿರುವಿದ್ದನ್ನು ನಾನು ಕಂಡಿಲ್ಲ.

ಪರೀಕ್ಷೆಯಲ್ಲಿ ಅವಳು ಬರೆದದ್ದು ‘ಚಂದ್ರಿ ಪ್ರಕೃತಿಯ ಸಂಕೇತ’. ಯಾಕೆ ಅಂತ ಕೇಳಿದೆ. ಅದಕ್ಕೇ ಅಂಕ ಇರುವುದು ಅಂದಳು.

ಇನ್ನೊಂದು ವಿಷಯ ಬರೆಯಲೇಬೇಕು. ಈ ಕಾದಂಬರಿಯ ಕೆಲವು ಕಡೆ ನನಗೆ ಲೇಖಕರ ಮೇಲೆಯೇ ಸಿಟ್ಟಿದೆ. ಬ್ರಾಹ್ಮಣ ಹೆಂಗಸರೆಲ್ಲ ಬಾಡಿದವರು, ಒಣಗಿದವರು. ಚಂದ್ರಿ, ದಲಿತ ಕೇರಿಯ ಹುಡುಗಿ ಬೆಳ್ಳಿ, ಇಂಥವರು ತುಂಬಿದ ಮೈಯವರು, ಸಹಜವಾಗಿ ಸುಖ ಕೊಡುವವರು. ಬೆಳ್ಳಿಯ ಗುಡಿಸಲಲ್ಲಿ ಅಪ್ಪ ಅಮ್ಮ ಜ್ವರದಿಂದ ಸಾಯುತ್ತಾರೆ. ಅವಳ ದುಃಖಕ್ಕೆ ಸಿಕ್ಕ ಜಾಗಕ್ಕಿಂತ ಅಗ್ರಹಾರದ ಯುವಕ ಶ್ರೀಪತಿಯ ಕಣ್ಣಿಗೆ ಬಿದ್ದ ಅವಳ ಮೈಗೆ ಸಿಕ್ಕ ಜಾಗ ಜಾಸ್ತಿ ಅಂತ ನನಗೆ ಅನ್ನಿಸಿತು. ಅದು ಆ ಗಂಡಸರ ನೋಟವೋ, ಲೇಖಕರ ನೋಟವೋ ಅಂತ ವಾದ ಮಾಡಬಹುದು. ಮಾಡಲಿ. ಆ ವಾದ ತರಗತಿಯಲ್ಲಿ ನಡೆಯಲಿ. ಚಂದ್ರಿಯನ್ನು ‘ಪ್ರಕೃತಿ’ ಅಂತ ಬರೆಸಿದರೆ ಆ ವಾದ ಹುಟ್ಟುವ ಮೊದಲೇ ಮುಗಿಯಿತು. ಪ್ರಕೃತಿಗೆ ಯಾರೂ ‘ನಿನಗೆ ಆಗ ಏನನ್ನಿಸಿತು’ ಅಂತ ಕೇಳುವುದಿಲ್ಲವಲ್ಲ.

ಕೊನೆಯ ಭಾಗಕ್ಕೆ ನಿಮ್ಮ ಪ್ರಶ್ನೆಗಳು ಬರುವುದೇ ಇಲ್ಲ. ನನಗೆ ಅತ್ಯಂತ ಹತ್ತಿರವಾದದ್ದು ಆ ಭಾಗವೇ. ದಾರಿಯಲ್ಲಿ ಆಚಾರ್ಯರಿಗೆ ಪುಟ್ಟ ಗಂಟುಬೀಳುತ್ತಾನೆ. ಮಾತಿನ ಮಲ್ಲ. ಬಿಡು ಅಂದರೂ ಬಿಡುವುದಿಲ್ಲ. ಮೇಳಿಗೆ ಜಾತ್ರೆಗೆ ಕರೆದೊಯ್ಯುತ್ತಾನೆ, ಕಾಫಿ ಕುಡಿಸುತ್ತಾನೆ, ಕೋಳಿ ಅಂಕ ತೋರಿಸುತ್ತಾನೆ, ತನ್ನ ಪರಿಚಯದ ಪದ್ಮಾವತಿ ಎಂಬ ಹೆಂಗಸಿನ ಮನೆಗೂ ಕರೆದೊಯ್ಯುತ್ತಾನೆ. ಹೆಂಡತಿ ಸತ್ತ ಸೂತಕದಲ್ಲಿ ಆಚಾರ್ಯರು ದೇವಸ್ಥಾನದ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಯಾರಾದರೂ ಗುರುತು ಹಿಡಿದರೆ ಅನ್ನುವ ಭಯ ಒಂದೊಂದು ತುತ್ತಿಗೂ ಇದೆ. ಕೊನೆಗೆ ಯಾರೋ ಗುರುತು ಹಿಡಿದೂಬಿಡುತ್ತಾರೆ. ಎಲೆ ಬಿಟ್ಟು ಎದ್ದು ಓಡುತ್ತಾರೆ.

ದೊಡ್ಡ ತಪ್ಪು ಮಾಡಿದ ರಾತ್ರಿಗಿಂತ, ಅದನ್ನು ಮುಚ್ಚಿಟ್ಟು ನಾಲ್ಕು ಜನರ ನಡುವೆ ಕೂತು ಉಣ್ಣುವ ಮಧ್ಯಾಹ್ನ ಎಷ್ಟು ಕಷ್ಟ! ಆ ಪುಟಗಳಲ್ಲಿ ಆಚಾರ್ಯರು ನನಗೆ ವೇದಾಂತ ಶಿರೋಮಣಿ ಅಲ್ಲ, ಜಾರಿದವರೂ ಅಲ್ಲ. ಬ್ಯಾಂಕಿನ ಕೌಂಟರಿನಲ್ಲಿ ದಿನಾ ಕಾಣುವ ಜನರ ಹಾಗೆ ಕಾಣುತ್ತಾರೆ. ಮನೆಯವರಿಗೆ ಹೇಳದೆ ಒಡವೆ ಸಾಲ ಮಾಡಿದವರು ಅರ್ಜಿಗೆ ಸಹಿ ಹಾಕುವಾಗ ಹಿಂದೆ ತಿರುಗಿ ತಿರುಗಿ ನೋಡುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬಂದದ್ದಿಲ್ಲ.

ಈ ಪುಸ್ತಕ ಬಂದದ್ದು 1965ರಲ್ಲಿ. ಅಂದಿನಿಂದ ಇದರ ಮೇಲೆ ತೀರ್ಪು ಕೊಡುವವರಿಗೆ ಬರವಿಲ್ಲ. ಬ್ರಾಹ್ಮಣರಿಗೆ ಅವಮಾನ ಅಂದವರಿದ್ದರು, ಬ್ರಾಹ್ಮಣರ ಕಥೆ ಮಾತ್ರ ಅಂದವರಿದ್ದರು. ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ಸಿನಿಮಾ ಮಾಡಿದಾಗ ಗಿರೀಶ್ ಕಾರ್ನಾಡ್ ಆಚಾರ್ಯರಾದರು, ಪಿ. ಲಂಕೇಶ್ ನಾರಣಪ್ಪನಾದರು, ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ಸೆನ್ಸಾರಿನವರು ಮೊದಲು ತಡೆದ ಆ ಚಿತ್ರಕ್ಕೆ ಆಮೇಲೆ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ದೊಡ್ಡವರು ಅರವತ್ತು ವರ್ಷ ಜಗಳ ಆಡಿಯೂ ಮುಗಿಸಲಾಗದ ವಿಷಯವನ್ನು ಹತ್ತೊಂಬತ್ತರ ಹುಡುಗಿ ಒಂದೂವರೆ ಪುಟದಲ್ಲಿ ಮುಗಿಸಬೇಕು ಅಂತ ನಾವು ಕೇಳುತ್ತಿದ್ದೇವೆ.

ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತದೆ. ಕಟ್ಟುಗಟ್ಟಲೆ ಪತ್ರಿಕೆ ತಿದ್ದಬೇಕು. ಎಲ್ಲರಿಗೂ ಒಂದೇ ಅಳತೆ ಇರಬೇಕು. ಅನಿಸಿಕೆಗೆ ಅಂಕ ಕೊಡುತ್ತಾ ಹೋದರೆ ಓದದವರೂ ಬಾಯಿಗೆ ಬಂದದ್ದು ಬರೆಯುತ್ತಾರೆ ಅನ್ನುವ ಭಯ ನಿಮಗಿದೆ. ಆದರೆ ನೋಡಿ, ಗೈಡಿನ ಉತ್ತರಕ್ಕೆ ಓದು ಬೇಕಿಲ್ಲ. ಅನಿಸಿಕೆಗೆ ಕಾದಂಬರಿಯಿಂದಲೇ ಆಧಾರ ಕೊಡು ಅಂದರೆ ಓದಲೇಬೇಕು. ‘ಭಾಗೀರಥಿಯ ಸ್ನಾನ ಎರಡು ಸಲ ಬರುತ್ತದೆ. ಎರಡರ ನಡುವೆ ಏನು ಬದಲಾಯಿತು? ಓದುವಾಗ ನಿಮಗೆ ಏನನ್ನಿಸಿತು?’ ಅಂತ ಕೇಳಿ. ‘ಚಂದ್ರಿ ಹೇಳದೆ ಹೋದದ್ದನ್ನು ನೀವು ಒಪ್ಪುತ್ತೀರಾ? ಒಪ್ಪದವರ ವಾದವನ್ನೂ ಬರೆಯಿರಿ’ ಅಂತ ಕೇಳಿ. ಪುಸ್ತಕ ತೆರೆಯದವರಿಗೆ ಇದಕ್ಕೆ ಎರಡು ಸಾಲೂ ಬರೆಯಲಾಗುವುದಿಲ್ಲ. ಯಾವ ಪಕ್ಷ ಹಿಡಿದರು ಅನ್ನುವುದಕ್ಕೆ ಅಂಕ ಬೇಡ. ಕಾದಂಬರಿಯಲ್ಲಿ ನಡೆದದ್ದನ್ನು ಎಷ್ಟು ಹತ್ತಿರದಿಂದ ನೋಡಿದ್ದಾರೆ ಅನ್ನುವುದಕ್ಕೆ ಕೊಡಿ.

ಎಲ್ಲ ಪ್ರಶ್ನೆಗಳನ್ನೂ ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಐದು ಅಂಕದ ಒಂದೇ ಒಂದು ಪ್ರಶ್ನೆ ಇರಲಿ. ಅದೂ ಕಷ್ಟ ಅಂದರೆ ಇಂಟರ್ನಲ್ ಅಂಕಗಳಲ್ಲಿ ಜಾಗ ಮಾಡಿ. ತರಗತಿಯಲ್ಲಿ ಒಂದು ಗಂಟೆ ಮಕ್ಕಳು ಚಂದ್ರಿ ಪರ, ಆಚಾರ್ಯರ ಪರ ಜಗಳ ಆಡಲಿ, ನೀವು ಪಕ್ಕದಲ್ಲಿ ಕೂತು ಕೇಳಿ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿಯ ಮನೆಯಲ್ಲೂ ಹಾಸಿಗೆ ಹಿಡಿದ ಅಜ್ಜಿ ಇರಬಹುದು. ಭಾಗೀರಥಿ ಬಗ್ಗೆ ಅವಳಿಗೆ ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ. ಅವಳನ್ನು ಕೇಳಿ.

ಮುಂದಿನ ಸೆಮಿಸ್ಟರಿನ ಪತ್ರಿಕೆಗೆ ನೀವು ಕೂರುವ ಮೊದಲು ಈ ಪತ್ರ ನಿಮ್ಮ ಕಣ್ಣಿಗೆ ಬೀಳಲಿ ಅಂತ ಈಗಲೇ ಬರೆದಿದ್ದೇನೆ. ಒಪ್ಪಿಗೆ ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಬರೆಯಿರಿ. ಓದುತ್ತೇನೆ, ಮಗಳಿಗೂ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ, ಕನ್ನಡ ಕಾದಂಬರಿ ಓದುವವಳು